ಐವತ್ತು ಲೀಟರ್ ಗಾಳಿ

ಮೂವತ್ತೊಂದು ವರ್ಷ ಶಕ್ತಿನಗರದಾಗ
ಕಂಪ್ರೆಸರ್ ಮನಿ ಕಾಯ್ದವ ನಾನು.
ಆನಿಯಂಥವು ನಾಕು,
ಮೂರು ದುಡಿಯೋವು, ಒಂದು ಸ್ಟ್ಯಾಂಡ್‌ಬೈ.
ಅವುಗಳ ಗದ್ದಲದಾಗ ಹುಸೇನಪ್ಪ ಮತ್ತ ನಾನು
ಬೆರಳಿಂದನೇ ಮಾತಾಡಿದ್ವಿ,
ಚಹಾ ಅಂದ್ರ ಹೆಬ್ಬಟ್ಟು, ಸಾಹೇಬ ಬಂದ ಅಂದ್ರ ಕಿರುಬೆರಳು.
ಬರೋ ಮುಂದ ಎಡಗಿವಿ ಅಲ್ಲೇ ಬಿಟ್ಟು ಬಂದೆ,
ಬಲಗಿವಿ ಅರ್ಧ.

ಈಗ ದೇವಸೂಗೂರಿನ ಮನಿ ಮುಂದ
ತಗಡಿನ ಶೆಡ್ಡಿಗೆ ಒಂದು ಸಣ್ಣದು ಬೇಕು.
ನನ್ನ ಹಳೇ ಸ್ಕೂಟರು, ಓಣಿ ಹುಡುಗರ ಸೈಕಲ್ಲು,
ಬಣ್ಣಕ್ಕ ಕಾಯ್ತಾ ನಿಂತ ಒಂದು ಕಬ್ಬಿಣದ ಮಂಚ.
ಇಷ್ಟಕ್ಕ ಎಷ್ಟು ಗಾಳಿ ಸಾಕು?

ನನಗ ಗೊತ್ತಿರಬೇಕಿತ್ತು.
ಹದಿನೈದು ದಿನ ಆತು,
ಅಯ್ಯಮ್ಮನ ಹಾಲಿನ ಲೆಕ್ಕದ ಪುಸ್ತಕದಾಗ
ಹಿಂದಿನ ಪುಟದ ತುಂಬ ನನ್ನ ಲೀಟರು.

ಗಂಜಿನ ಅಂಗಡಿ ಹುಡುಗ ಜಿಲಾನಿ
ಕಿವಿಗೆ ಬಾಯಿ ಹಚ್ಚಿ ಒದರಿದ:
“ಕಾಕಾ, ಇದು ಸಪ್ಪಳನೇ ಮಾಡಲ್ಲ!
ಎಣ್ಣಿ ಕೇಳಲ್ಲ, ಇಪ್ಪತ್ನಾಕು ಲೀಟರು,
ಒಂದ ಕೈಯಾಗ ಎತ್ತಿಕೊಂಡು ಹೋಗ್ರಿ.”

ಎಣ್ಣಿ ಕೇಳದ ಯಂತ್ರದ ಮ್ಯಾಲೆ ನನಗ ನಂಬಿಕಿ ಕಡಿಮಿ.
ಕೇಳೋದಾದ್ರ ಬ್ಯಾನಿನೂ ಹೇಳ್ತದ.
ಕೇಳದ್ದು ಒಂದಿನ ಸುಮ್ಮನ ನಿಂತುಬಿಡ್ತದ.
“ನಿನ್ನಂಗ,” ಅಂದಳು ಅಯ್ಯಮ್ಮ,
ಅದು ಮಾತ್ರ ಸ್ವಚ್ಛ ಕೇಳಿಸಿತು.

ಇಪ್ಪತ್ನಾಕು ಲೀಟರಿಗೆ
ಮಂಚದ ಒಂದು ಕಾಲು ಮುಗಿಯೂದ್ರಾಗ ದಮ್ಮು ಹೋಗ್ತದ.
ಅದು ಮತ್ತ ತುಂಬೋತನಕ ನಾ ಕಾಯಬಹುದು,
ಮೇ ತಿಂಗಳ ಬಿಸಿಲಾಗ ಬಣ್ಣ ಕಾಯಬೇಕಲ್ಲ?
ಗನ್ನಿನ ಬಾಯಾಗನ ಒಣಗ್ತದ.

ಡಬ್ಬಿ ಮ್ಯಾಲಿನ ಎಚ್‌ಪಿ ನೋಡಬ್ಯಾಡ ಅಂತಿದ್ದ ಹುಸೇನಪ್ಪ,
ಎಳಕೊಳ್ಳೋ ಗಾಳಿ ಬ್ಯಾರೆ, ಕೊಡೋ ಗಾಳಿ ಬ್ಯಾರೆ,
ಸಾಹೇಬರಾಗೂ ಹಂಗ.

ನೂರು ಲೀಟರಿಂದು ಮೂಲ್ಯಾಗ ನಿಂತಿತ್ತು,
ಹಸಿರು ಹೊಟ್ಟಿ, ಎರಡು ಸಿಲಿಂಡರು,
ನೋಡಿ ಹಳೇ ದೋಸ್ತ ಸಿಕ್ಕಂಗಾತು.
ಆದ್ರ ನಮ್ಮನಿಗೆ ಒಂದ ಫೇಸು.
ಕರೆಂಟು ಹುಟ್ಟೋ ಊರಿನ ಮಗ್ಗಲಾಗ ಇದ್ದು
ಸಂಜಿಮುಂದ ನೂರಾ ಎಂಬತ್ತು ವೋಲ್ಟು.
ಅದು ಏಳಾಕ ಆಗದ ನರಳ್ತದ,
ನರಳೋದು ನನಗ ಕೇಳಿಸೋದಿಲ್ಲ,
ಸುಟ್ಟ ವಾಸನಿ ಬಂದ ಮ್ಯಾಲೆ ಓಡಬೇಕು.

ಉಳಿದದ್ದು ಸಪ್ಪಳದ ಮಾತು.
ಗ್ವಾಡಿ ಆಚಿ ಖಾಜಾಬಿ ಮಗಳ ಕೂಸು,
ಇಪ್ಪತ್ತು ದಿನದ್ದು.
ಅದರ ನಿದ್ದಿ ಅಳಿಯಾಕ ನನ್ನ ಕಿವಿ ನಡೆಯೋದಿಲ್ಲ.

“ನೀ ಹೊರಗ ನಿಂದ್ರು,” ಅಂದೆ ಅಯ್ಯಮ್ಮಗ.
ಇಪ್ಪತ್ತು ಹೆಜ್ಜಿ ಆಚಿ, ಟೇಲರ್ ಅಂಗಡಿ ನೆರಳಾಗ
ಸೆರಗು ತಲಿಮ್ಯಾಲೆ ಎಳಕೊಂಡು ನಿಂತಳು.
ಜಿಲಾನಿ ಒಂದೊಂದ ಚಾಲೂ ಮಾಡಿದ,
ಆಕಿ ಕೈ ಎತ್ತಿ ಬೆರಳು ತೋರಿಸಿದಳು.
ಸಪ್ಪಳ ಮಾಡಲ್ಲ ಅಂದದ್ದಕ್ಕ ಎರಡು.
ಕೆಂಪು ಬಣ್ಣದ ಅಗ್ಗದ್ದಕ್ಕ ಐದೂ,
ಮ್ಯಾಲೆ ಇನ್ನೊಂದು ಕೈ.
ಬೆಲ್ಟಿನ ಐವತ್ತು ಲೀಟರಿಗೆ
ಮೂರು. ತಡದು, ಮಡಚಿ, ಮತ್ತ ಮೂರು.

ಎಲ್ಲಿ ಕಲಿತಳು ಈ ಭಾಷಾ?
ಮೂವತ್ತೊಂದು ವರ್ಷ
ನಾ ಡ್ಯೂಟಿ ಮುಗಿಸಿ ಬಂದು
ಉಣ್ಣೋ ಮುಂದ ಬೆರಳಾಡಿಸಿದ್ದು ನೆನಪಾತು.

ನಾನು ಟ್ಯಾಂಕಿನ ಮ್ಯಾಲೆ ಅಂಗೈ ಇಟ್ಟಿದ್ದೆ.
ಬೆಲ್ಟಿಂದು ನಿಧಾನ ನಡುಗ್ತಿತ್ತು,
ಗದಗದ ಅಲ್ಲ,
ಹಾಲು ಕರಿಯೋ ಮುಂದ ಎಮ್ಮಿ ಮೈ ನಡುಗಿಸಿದಂಗ.
ಎಂಟು ಕಿಲೋಕ್ಕ ತಾನಾಗಿ ನಿಂತಿತು.
“ಇದು,” ಅಂದೆ.
ಚೌಕಾಸಿ ಅಯ್ಯಮ್ಮ ಮಾಡಿದಳು,
ಹೋಸ್ ಪೈಪು ಪುಕ್ಕಟ.

ಮಂಚದ ನಾಕೂ ಕಾಲು ಅವತ್ತೇ ನೀಲಿ ಆದವು.
ಕತ್ತಲಾದ ಮ್ಯಾಲೆ ಟ್ಯಾಂಕಿನ ಕೆಳಗ ಬೋಗುಣಿ ಇಟ್ಟು
ಡ್ರೇನ್ ತಿರುವಿದೆ.
ಒಂದು ಚಮಚ ನೀರು, ತುಕ್ಕಿನ ಬಣ್ಣದ್ದು.
“ಎಲ್ಲಿಂದು?”
“ಗಾಳ್ಯಾಗಿಂದು.”
“ಈ ಊರ ಗಾಳ್ಯಾಗ?” ಅಂತ
ಬೋಗುಣಿ ದೀಪಕ್ಕ ಹಿಡದು ನೋಡಿದಳು.

ರೂಢಿ ಬಿಡವಲ್ದು. ಹಾಲಿನ ಪುಸ್ತಕದಾಗ ಬರದೆ:
ರಾತ್ರಿ ಎಂಟೂ ಹತ್ತು. ಒತ್ತಡ ಸೊನ್ನಿ.
ನೀರು ತೆಗೆದದ. ಸಹಿ.
ಮುಂದಿನ ಪಾಳಿಯವರ ಜಾಗಾ ಖಾಲಿ ಬಿಟ್ಟೆ.
ಮುಂಜಾನಿ ನೋಡಿದ್ರ ಅಲ್ಲಿ
ಆಕಿ ದುಂಡನ ಅಕ್ಷರ:
ಹಾಲು, ಅರ್ಧ ಲೀಟರು.